ಜನ ಉಂಟು

ಹೇಮಶ್ರೀಗೆ ಬರುವ ವಿದ್ಯೆಗಳು ಹಲವು. ಬಾರದ್ದು ಒಂದೇ, ಕೈಗೆ ಸಿಕ್ಕಿದ್ದನ್ನು ಬಿಡುವುದು. ಜವಳಿ ಅಂಗಡಿಗೆ ಹೋದರೆ ಎರಡು ಕೈಯಲ್ಲಿ ಎರಡು ಚೂಡಿದಾರ ಹಿಡಿದು ಕನ್ನಡಿಯ ಎದುರು ನಿಲ್ಲುತ್ತಾಳೆ. ಅಂಗಡಿಯವನು ಊಟ ಮುಗಿಸಿ ಬಂದಾಗಲೂ ಅಲ್ಲೇ ನಿಂತಿರುತ್ತಾಳೆ. ಪಕ್ಕದಲ್ಲಿ ಇನ್ನೊಬ್ಬಳು ಬಂದು ‘ಅದೊಂದು ತೋರಿಸಿ’ ಎಂದಳೋ, ಅಷ್ಟು ಹೊತ್ತು ಬೇಡವೆನಿಸಿದ್ದ ಚೂಡಿದಾರವೇ ಇವಳಿಗೆ ಬೇಕಾಗುತ್ತದೆ. ಊರಾದ ಮಂಡೆಕೋಲಿನಲ್ಲಿರುವ ತಾಯಿ ಸೇವಂತಿ ಇದನ್ನು ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಾಳೆ. ಇಂಥವಳಿಗೆ ಈ ವರ್ಷ ಎರಡು ಕಡೆ ಪಿಎಚ್‌ಡಿ ಸೀಟು ಸಿಕ್ಕಿತು ಎಂದರೆ ಅವಳ ಪಾಡು ಏನಾಗಿರಬೇಕು, ನೀವೇ ಹೇಳಿ.

ಅವಳು ಪುತ್ತೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂದು ಹೆಸರು ಮಾತ್ರ, ಪರೀಕ್ಷೆಯ ಮೇಲ್ವಿಚಾರಣೆಯಿಂದ ವಾರ್ಷಿಕೋತ್ಸವದ ರಂಗೋಲಿಯವರೆಗೆ ಎಲ್ಲ ಕೆಲಸವೂ ಅವಳ ತಲೆಗೇ. ಬಸ್ ನಿಲ್ದಾಣದ ಹತ್ತಿರ ಒಂದು ಬಾಡಿಗೆ ಕೋಣೆ. ಅಲ್ಲಿ ಕೂತು ಮೆದುಳಿನ ವಿಜ್ಞಾನ ಓದಿ, ಹಿಂದೆ ಎರಡು ಸಲ ಸಂದರ್ಶನದಲ್ಲಿ ಸೋತು, ಈ ಸಲ ಗೆದ್ದಿದ್ದಳು.

ಒಂದು ಸೀಟು ಬೆಂಗಳೂರಿನಲ್ಲಿ. ದೊಡ್ಡ ಸಂಸ್ಥೆ, ದೊಡ್ಡ ಪ್ರೊಫೆಸರ್; ಇಲಿಗಳ ಮೆದುಳಿನಲ್ಲಿ ಹೆದರಿಕೆಯ ನೆನಪು ಎಲ್ಲಿ ಉಳಿಯುತ್ತದೆ ಎಂದು ಹುಡುಕುವ ಕೆಲಸ. ಇನ್ನೊಂದು ತಿರುವನಂತಪುರದಲ್ಲಿ. ಈಗಷ್ಟೇ ಶುರುವಾದ ಪುಟ್ಟ ಪ್ರಯೋಗಾಲಯ. ಅಲ್ಲಿನ ಚಿಕ್ಕ ಪ್ರಾಯದ ಮೇಡಂ, ಎಳ್ಳುಕಾಳಿನಷ್ಟು ಮೆದುಳಿರುವ ಜೇನುನೊಣ ಮನೆಯ ದಾರಿಯನ್ನು ಹೇಗೆ ಕಲಿಯುತ್ತದೆ ಎಂದು ನೋಡುತ್ತಿದ್ದರು. ಬೆಂಗಳೂರಿನ ಸಂದರ್ಶನದಲ್ಲಿ ಹೇಮಶ್ರೀ ಬೆವರಿ ಒದ್ದೆಯಾಗಿದ್ದಳು. ತಿರುವನಂತಪುರದ್ದರಲ್ಲಿ ಅಪ್ಪ ಕುಕ್ಕಪ್ಪನ ಜೇನುಪೆಟ್ಟಿಗೆಯನ್ನು ಆಚೆ ತೋಟಕ್ಕೆ ಸಾಗಿಸಿದಾಗ ನೊಣಗಳು ಹಳೇ ಜಾಗಕ್ಕೇ ಬಂದು ಸುತ್ತಿದ ಕತೆ ಹೇಳುತ್ತಾ ಹೇಳುತ್ತಾ, ಇದು ಸಂದರ್ಶನ ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

ಹಾಗಾದರೆ ಯೋಚಿಸಲಿಕ್ಕೇನಿತ್ತು ಎನ್ನುತ್ತೀರಿ. ಊರಿನವರು ಬಿಡಬೇಕಲ್ಲ.

“ಜೇನು ನೋಡ್ಲಿಕ್ಕೆ ಕೇರಳಕ್ಕೆ ಹೋಗುದಾ? ನಮ್ಮಲ್ಲಿ ಜೇನಿಲ್ವಾ?” ಎಂದರು ನೆರೆಯವರು. ಕಾಲೇಜಿನವರು, ಬೆಂಗಳೂರಿನ ಹೆಸರು ಮುಂದೆ ಜೀವನಪೂರ್ತಿ ಅನ್ನ ಹಾಕುತ್ತದೆ ಎಂದರು. ಅಪ್ಪನಂತೂ ಸಹಕಾರಿ ಸೊಸೈಟಿಗೆ ಹೋದಾಗಲೆಲ್ಲ ‘ಮಗಳಿಗೆ ಬೆಂಗಳೂರಲ್ಲಿ ಆಯ್ತು’ ಎಂದೇ ಹೇಳಿಕೊಂಡು ಬಂದಿದ್ದ. ಹೇಮಶ್ರೀ ಬೆಳಿಗ್ಗೆ ಜೇನು ಎಂದು ಏಳುತ್ತಿದ್ದಳು, ಸಂಜೆಗೆ ಇಲಿ ಎನ್ನುತ್ತಿದ್ದಳು. ತರಗತಿಯಲ್ಲಿ ಕಪ್ಪೆಯ ಹೃದಯ ಬಿಡಿಸಲು ಹೋಗಿ ಮೀನಿನ ಹೃದಯ ಬಿಡಿಸಿದಳು. ಕೇಳಿದವರಿಗೆಲ್ಲ ಒಂದೇ ಉತ್ತರ, “ನೋಡುವ.” ನಮ್ಮ ಕಡೆ ಮುಖಕ್ಕೆ ಹೊಡೆದ ಹಾಗೆ ‘ಇಲ್ಲ’ ಎನ್ನಲಾಗದಾಗ ಹೇಳುವ ಮಾತು ಅದು, ಹೆಣ್ಣು ಕೇಳಿಕೊಂಡು ಬಂದವರಿಗೆ ‘ನೋಡುವ’ ಎಂದರೆ ಅವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಬೆಂಗಳೂರಿನ ಆಫೀಸಿನವರಿಗೆ ಅದೆಲ್ಲ ಎಲ್ಲಿಂದ ತಿಳಿಯಬೇಕು? ಅವರು ಪಾಪ, ಸೋಮವಾರದವರೆಗೆ ಸಮಯ ಕೊಟ್ಟರು.

ಇಷ್ಟೇ ಆಗಿದ್ದರೆ ಅದು ಅವಳೊಬ್ಬಳ ತಲೆಬಿಸಿ. ಆದರೆ ಬೆಂಗಳೂರಿನ ಕಾಯುವ ಪಟ್ಟಿಯಲ್ಲಿ ಮೊದಲ ಹೆಸರು ರಿಝ್ವಾನಾಳದ್ದು.

ರಿಝ್ವಾನಾ ಕಡಬದವಳು, ಎಂಎಸ್ಸಿಯಲ್ಲಿ ಹೇಮಶ್ರೀಯ ಬೆಂಚಿನವಳು. ಈಗ ದರ್ಬೆಯಲ್ಲಿ ಮಾಮ ಅಬ್ದುಲ್ಲರ ಮನೆಯಲ್ಲಿದ್ದು ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತಿದ್ದಳು. ಇಲಿಯ ಆ ಪ್ರಯೋಗಾಲಯ ಅವಳ ಕನಸು. ಫಲಿತಾಂಶ ಬಂದ ದಿನ ಹೇಮಶ್ರೀ ಬಾಯಿ ತೆರೆಯುವ ಮೊದಲೇ ಅವಳ ಫೋನು ಬಂದಿತ್ತು. “ನನ್ನ ಮೇಲೆ ಒಬ್ಬ ಉಂಟಂತೆ ಹೇಮಾ. ಅವನಿಗೆ ಬೇರೆ ಕಡೆಯೂ ಸಿಕ್ಕಿದೆಯಂತೆ. ಅವ ಬಿಟ್ರೆ ನಂಗೆ.” ಆ ‘ಅವ’ ನಾನೇ ಎಂದು ಹೇಳಲು ಹೇಮಶ್ರೀಯ ನಾಲಿಗೆ ಏಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು ತಿರುವನಂತಪುರದ ವಿಷಯ ಮಾತ್ರ ಹೇಳಿದಳು. ಬೆಂಗಳೂರಿನ ಸಂದರ್ಶನದಲ್ಲಿ ಇವಳು ಬೆವರಿದ ಕತೆ ಮೊದಲೇ ಕೇಳಿದ್ದ ರಿಝ್ವಾನಾಳಿಗೆ ಸಂಶಯವೂ ಬರಲಿಲ್ಲ. ಆ ನಾಳೆ ಬರಲೇ ಇಲ್ಲ. ಬದಲಿಗೆ ರಿಝ್ವಾನಾ ದಿನಾ ಫೋನ್ ಮಾಡಿ ಆ ಕಾಣದ ಹುಡುಗನಿಗೆ ಸಹಸ್ರನಾಮ ಮಾಡುವುದು, ಇವಳು “ಹೌದು ಮಾರಾಯ್ತಿ, ಎಂಥ ಜನ!” ಎನ್ನುವುದು. ಒಮ್ಮೆಯಂತೂ ತಾನೇ ಮುಂದಾಗಿ “ಅವನಿಗೆ ನಾಚಿಕೆಯೇ ಇಲ್ವಾ?” ಎಂದು ಬೈದುಬಿಟ್ಟಿದ್ದಳು. ಫೋನ್ ಇಟ್ಟ ಮೇಲೆ ಅವಳಿಗೆ ಊಟ ಸೇರಲಿಲ್ಲ.

ಈ ನಡುವೆ ರಿಝ್ವಾನಾಳಿಗೆ ಮಂಗಳೂರಿನ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತ್ತು. ಸೇರಿದರೆ ಎರಡು ವರ್ಷ ಬಿಡುವಂತಿಲ್ಲ. ಬೆಂಗಳೂರಿನದು ತಿಳಿಯುವವರೆಗೆ ಅವಳು ಅವರನ್ನು ಹೇಗೋ ತಡೆದಿಟ್ಟಿದ್ದಳು.

ಸೋಮವಾರದ ಹಿಂದಿನ ದಿನ ಸುಳ್ಯದಲ್ಲಿ ಸಹಪಾಠಿ ಲತೀಶನ ಮದುವೆ. ಇಬ್ಬರೂ ಒಟ್ಟಿಗೆ ಹೋಗುವುದೆಂದು ಮಾತಾಗಿತ್ತು. ಪುತ್ತೂರು ನಿಲ್ದಾಣದಲ್ಲಿ ಸುಳ್ಯದ ಬಸ್ಸು ಬಂದದ್ದೇ, ಹೇಮಶ್ರೀ ಕಿಟಕಿಯಿಂದ ಶಾಲು ಎಸೆದು ಎರಡು ಸೀಟು ಹಿಡಿದಳು. ರಿಝ್ವಾನಾ ಹತ್ತುವುದು ಮುಂದಿನ ದರ್ಬೆಯಲ್ಲಿ. ಬಸ್ಸು ನೋಡನೋಡುತ್ತ ತುಂಬಿತು. ಮೊಣಕಾಲಿಗೆ ಪಟ್ಟಿ ಸುತ್ತಿದ ಪ್ರಾಯದ ಹೆಂಗಸೊಬ್ಬರು ಬಂದು ಶಾಲನ್ನು ನೋಡಿದರು.

“ಇಲ್ಲಿ ಜನ ಉಂಟಾ ಮಗಾ?”

“ಉಂಟು. ಈಗ ಬರ್ತಾರೆ.”

ಹೆಂಗಸು ಕಂಬಿ ಹಿಡಿದು ನಿಂತರು. ಬಸ್ಸಿನಲ್ಲಿ ‘ಜನ ಉಂಟು’ ಎಂಬ ಮಾತಿಗೆ ನಮ್ಮಲ್ಲಿ ಅಪೀಲಿಲ್ಲ.

ದರ್ಬೆಯಲ್ಲಿ ರಿಝ್ವಾನಾ ನುಗ್ಗಿಕೊಂಡು ಹತ್ತಿದಳು, ಖಾಲಿ ಸೀಟು ನೋಡಿದಳು, ಪಕ್ಕದ ಹೆಂಗಸಿನ ಕಾಲು ನೋಡಿದಳು. “ನೀವು ಕೂತ್ಕೊಳ್ಳಿ ಅಮ್ಮ,” ಎಂದು ಶಾಲು ತೆಗೆದು ಅವರನ್ನು ಕೂರಿಸಿ, ತಾನು ಪಕ್ಕದಲ್ಲಿ ನಿಂತಳು.

“ಎಂತ ಮಾರಾಯ್ತಿ ನೀನು, ಪಾಪ ಅವರನ್ನು ನಿಲ್ಲಿಸಿದ್ದಾ?” ಎಂದು ನಕ್ಕಳು. “ಅಲ್ಲಿ ಬೆಂಗಳೂರಲ್ಲಿಯೂ ಒಬ್ಬ ಹೀಗೇ. ತಾನೂ ಕೂರುದಿಲ್ಲ, ನಿಂತವರಿಗೂ ಬಿಡುದಿಲ್ಲ, ಸುಮ್ನೆ ಟವೆಲ್ ಹಾಕಿಟ್ಟಿದ್ದಾನೆ.”

‘ಹೌದು ಮಾರಾಯ್ತಿ’ ಎಂಬ ಮಾತು ರೂಢಿಯಂತೆ ಹೇಮಶ್ರೀಯ ಬಾಯಿಗೆ ಬಂತು. ಅದನ್ನು ನುಂಗಿದಳು.

“ಆ ಟವೆಲ್ ನಂದು,” ಎಂದಳು.

“ಎಂತ?” ಬಸ್ಸು ಏರು ಹತ್ತುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ.

“ಆ ಟವೆಲ್ ನಂದು ರಿಝ್ವಾನಾ!”

ನಾಲ್ಕು ಸೀಟಿನವರು ತಿರುಗಿ ನೋಡಿದರು. ನಡುವೆ ಕೂತಿದ್ದ ಹೆಂಗಸು, “ಯಾವ ಟವೆಲ್ ಮಗಾ? ಕೆಳಗೆ ಬಿತ್ತಾ?” ಎಂದು ನೋವಿನ ಕಾಲನ್ನು ಸರಿಸಿ ಸೀಟಿನಡಿ ಹುಡುಕತೊಡಗಿದರು. ರಿಝ್ವಾನಾ ಮಾತ್ರ ಹುಡುಕಲಿಲ್ಲ. ಹೇಮಶ್ರೀಯ ಮುಖವನ್ನೇ ನೋಡಿದಳು. ಆಮೇಲೆ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದಳು. ಕುಂಬ್ರ ದಾಟಿತು, ಜಾಲ್ಸೂರು ದಾಟಿತು. ನಡುವೆ ಸೀಟುಗಳು ಖಾಲಿಯಾದವು. ಅವಳು ಕೂರಲೇ ಇಲ್ಲ.

ಸುಳ್ಯದಲ್ಲಿ ಇಳಿದ ಮೇಲೆ ಅವಳೇ ಮಾತು ತೆಗೆದಳು. “ಸೀಟ್ ನಿಂದು. ನೀನು ಗೆದ್ದದ್ದು. ಅದಕ್ಕೆ ನಂಗೆ ಬೇಜಾರಿಲ್ಲ. ಮೊದಲ ದಿನವೇ ಹೇಳಿದ್ರೆ ನಿನ್ನ ಜೊತೆ ಕೂತು ಯಾವುದು ಒಳ್ಳೆದು ಅಂತ ನಾನೇ ನೋಡ್ತಿದ್ದೆ. ನಾನು ಅಷ್ಟು ಬೈದದ್ದನ್ನು ಕೇಳಿ ನೀನೂ ಸೇರಿಕೊಂಡು ಬೈದಿಯಲ್ಲ, ನಿನ್ನನ್ನೇ! ಅದು ಹೇಗೆ ಸಾಧ್ಯ ಆಯ್ತು ನಿಂಗೆ?”

“ನಾನು ಈಗಲೇ ಬಿಡ್ತೇನೆ.”

“ಮಂಗಳೂರಿನ ಲ್ಯಾಬಿನವರಿಗೆ ಬರ್ತೇನೆ ಅಂತ ನಿನ್ನೆಯೇ ಹೇಳಿ ಆಯ್ತು. ಎಷ್ಟು ದಿನ ಕಾಯುದು?”

ಮದುವೆ ಮಂಟಪದ ಹಿಂದೆ, ಅಡುಗೆಯವರು ಬಾಳೆಲೆ ಒರೆಸುತ್ತಿದ್ದ ಜಗಲಿಯಲ್ಲಿ ನಿಂತು ಹೇಮಶ್ರೀ ಬೆಂಗಳೂರಿಗೆ ‘ಬರುವುದಿಲ್ಲ’ ಎಂದು ಬರೆದು ಕಳಿಸಿದಳು. ಕಳಿಸಿದ್ದೇ ತಡ ಎದೆಯ ಮೇಲಿನ ಭಾರ ಇಳಿದು ಹಗುರವಾಯಿತು. ಆ ಹಗುರವೇ ಅವಳನ್ನು ಚುಚ್ಚಿತು. ಹಾಗಾದರೆ ಆ ಸೀಟು ತನಗೆ ಬೇಕೇ ಇರಲಿಲ್ಲ. ಜವಳಿ ಅಂಗಡಿಯ ಚೂಡಿದಾರದ ಹಾಗೆ, ಇನ್ನೊಬ್ಬಳಿಗೆ ಬೇಕು ಎಂದು ಗೊತ್ತಿದ್ದುದರಿಂದಲೇ ಅದಕ್ಕೊಂದು ಬೆಲೆ ಬಂದಿತ್ತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಊಟದ ಸಾಲಿನಲ್ಲಿ ರಿಝ್ವಾನಾಳನ್ನು ಹುಡುಕಿ ಹಿಡಿದಳು.

“ಬಿಟ್ಟೆ. ನಾಳೆ ಅವರು ನಿಂಗೆ ಫೋನ್ ಮಾಡ್ತಾರೆ. ಮಂಗಳೂರಿಗೆ ಇನ್ನೂ ಸಹಿ ಹಾಕಲಿಲ್ಲ ಅಲ್ವಾ? ಹೋಗ್ತೀ ಅಲ್ವಾ?”

ರಿಝ್ವಾನಾ ಎದುರಿನ ಬಾಳೆಲೆಗೆ ನೀರು ಚಿಮುಕಿಸಿ ಒರೆಸಿದಳು.

“ನೋಡುವ,” ಎಂದಳು.

ಅದು ಬೆಂಗಳೂರಿಗೆ ಹೇಳಿದ್ದೋ, ತನಗೆ ಹೇಳಿದ್ದೋ ಹೇಮಶ್ರೀಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಊಟ ಮುಗಿದ ಮೇಲೆ ರಿಝ್ವಾನಾ ಬೇರೆ ಗೆಳತಿಯರ ಜೊತೆ ಕಡಬದ ಬಸ್ಸು ಹತ್ತಿದಳು. ಕಿಟಕಿಯಿಂದ ಎಲ್ಲರಿಗೂ ಕೈ ಬೀಸಿದಳು. ಆ ಎಲ್ಲರಲ್ಲಿ ತಾನೂ ಒಬ್ಬಳೋ ಎಂದು ಹೇಮಶ್ರೀ ಬಸ್ಸು ಮರೆಯಾಗುವವರೆಗೂ ನಿಂತು ನೋಡಿದಳು.

ಮಂಡೆಕೋಲಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಪ್ಪನಿಗೆ ಏನೆಂದು ಹೇಳುವುದು, ಸೊಸೈಟಿಯಲ್ಲಿ ಅವನು ಏನೆಂದು ಹೇಳುವುದು ಎಂದು ಯೋಚಿಸುತ್ತಾ ಕೂತಳು. ಪಕ್ಕದ ಸೀಟಿನ ಮೇಲೆ ಯಾವಾಗಲೋ ಚೀಲ ಇಟ್ಟಿದ್ದಳು, ಅದು ಅವಳಿಗೇ ಗೊತ್ತಿರಲಿಲ್ಲ. ಮಗುವನ್ನು ಎತ್ತಿಕೊಂಡ ಒಬ್ಬಳು ಬಂದು ನಿಂತಳು.

“ಇಲ್ಲಿ ಜನ ಉಂಟಾ?”

ಹೇಮಶ್ರೀ ಚೀಲವನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

“ಇಲ್ಲ,” ಎಂದಳು. “ಯಾರೂ ಇಲ್ಲ. ಕೂತ್ಕೊಳ್ಳಿ.”