ಸೀಮೆಸುಣ್ಣದ ಹನ್ನೊಂದು ಅಂಕಿ

ಪಕ್ಕದ ಫ್ಲ್ಯಾಟಿನವರು ಬಾಲ್ಕನಿಗೆ ಹೊಸದಾಗಿ ಸಿಮೆಂಟ್ ಹಾಕಿಸುತ್ತಿದ್ದಾರೆ. ಇಂದು ಬೆಳಿಗ್ಗೆ ಆ ಹಸಿ ವಾಸನೆ ಒಳಗೆ ಬಂದಾಗ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಎದ್ದು ಕಿಟಕಿ ಮುಚ್ಚಿದೆ. ಇಷ್ಟು ವರ್ಷವಾದರೂ...

ಹೈದರಾಬಾದಿನ ಹೊರವಲಯದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಮೈಸೂರಿನಲ್ಲಿ ಸಮಾಜಕಾರ್ಯ ಓದಿ ಬಂದ ನಾನು ನಾಂಪಲ್ಲಿಯ ಗಲ್ಲಿಯೊಂದರ ಸಣ್ಣ ಸಂಸ್ಥೆಯಲ್ಲಿದ್ದೆ. ಕಟ್ಟಡ ಕೂಲಿಗಳ ಮಕ್ಕಳಿಗೆ ಲಸಿಕೆ ಹಾಕಿಸುವುದು ನಮ್ಮ ಕೆಲಸ. ಜನರ ನಡುವೆ ಹೋಗುವುದನ್ನು ನಮಗೆ ಕಲಿಸುತ್ತಿದ್ದವರು ರಾಯಚೂರು ಕಡೆಯ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದೆವು.

"ಮೊದಲನೇ ದಿನ ಪೆನ್ನು ಹೊರಗ ತೆಗೀಬ್ಯಾಡ. ನೀರು ಕೇಳಿ ಕುಡಿ. ಅವರ ಮನಿ ನೀರು ನಿನ್ನ ಹೊಟ್ಟ್ಯಾಗ ಇಳಿಯೂತನಕ ನೀ ಪರದೇಶಿ. ಕಾಲೇಜಿನ್ಯಾಗ ಇದನ್ನ ಕಲಿಸಲಿಲ್ಲೇನ?" ಎಂದು ನಗುತ್ತಿದ್ದರು.

ಆ ದಿನ ನಾವಿಬ್ಬರೂ ಯಾದಗಿರಿ, ರಾಯಚೂರಿನವರೇ ತುಂಬಿದ್ದ ತಗಡಿನ ಶೆಡ್ಡುಗಳ ಕಾಲೊನಿಗೆ ಮೊದಲ ಸಲ ಹೋದೆವು. ನಮ್ಮನ್ನು ಕಂಡ ಕೂಡಲೇ ಒಬ್ಬಳು ಕೂಗಿದಳು: "ಬಂದ್ರಪಾ ಎಣಿಸೋರು! ಹೋದ ಸಲ ಬಂದೋರು ನಮ್ಮ ಕೋಳಿನೂ ಬರಕೊಂಡು ಹೋದ್ರು!"

ಅಕ್ಕೋರು ಅವಳ ಪಕ್ಕದಲ್ಲೇ ಕುಳಿತು ಹರಟೆಗಿಳಿದರು. ನನಗೆ ಆತುರ. ಹಿಂದಿನ ಸಾಲಿಗೆ ಹೋಗಿ ಲಸಿಕೆಯ ಪಟ್ಟಿಗಾಗಿ ಮನೆ ಎಣಿಸತೊಡಗಿದೆ. ಎಲ್ಲ ಶೆಡ್ಡುಗಳೂ ಒಂದೇ ಥರ, ಲೆಕ್ಕ ತಪ್ಪುತ್ತಲೇ ಇತ್ತು. ಚೀಲದಲ್ಲಿ ಕೆಂಪು ಸೀಮೆಸುಣ್ಣವಿತ್ತು. ಒಂದೊಂದು ತಗಡಿನ ಮೇಲೂ ಅಂಕಿ ಬರೆಯುತ್ತ ಹೋದೆ. ಒಂದು, ಎರಡು, ಮೂರು... ಹನ್ನೊಂದು.

ಹಿಂದಿನ ವಾರ ಪಕ್ಕದ ಕಾಲೊನಿಯ ಶೆಡ್ಡುಗಳ ಮೇಲೂ ಯಾರೋ ಹೀಗೆಯೇ ಕೆಂಪು ಅಂಕಿ ಬರೆದಿದ್ದರಂತೆ. ಮರುದಿನ ಬೆಳಿಗ್ಗೆ ಬುಲ್ಡೋಜರ್ ಬಂದಿತ್ತಂತೆ. ಅದು ನನಗೆ ಗೊತ್ತಿರಲಿಲ್ಲ. ಕುಳಿತು ನೀರು ಕುಡಿದಿದ್ದರೆ ಗೊತ್ತಾಗುತ್ತಿತ್ತು.

"ನಂಬರ್ ಹಾಕ್ಯಾರ! ನಂಬರ್ ಹಾಕ್ಯಾರ!"

ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ಸಾರುವೆಯ ಮೇಲಿಂದ ಗಂಡಸರು ಇಳಿದು ಓಡಿ ಬಂದರು. ಮೈತುಂಬ ಹಸಿ ಸಿಮೆಂಟು, ಕೈಯಲ್ಲಿ ಸಲಿಕೆ, ಕಬ್ಬಿಣದ ಸರಳು. ಬೆನ್ನಿಗೆ ತಗಡು ತಾಗುವವರೆಗೂ ಹಿಂದೆ ಸರಿದೆ. ಅಷ್ಟರಲ್ಲಿ ಅಕ್ಕೋರು ಗುಂಪನ್ನು ಸೀಳಿಕೊಂಡು ಬಂದು ನನ್ನ ಮುಂದೆ ನಿಂತರು.

"ಯಾವಾಕಿ ಬರದಾಕಿ?"

"ನಾನ್ರೀ. ನಾನೇ ಬರದೀನಿ. ತಪ್ಪಾತು" ಎಂದರು ಅಕ್ಕೋರು.

ಸೀಮೆಸುಣ್ಣ ನನ್ನ ಮುಷ್ಟಿಯಲ್ಲಿತ್ತು. ಮುಷ್ಟಿಯನ್ನು ಬೆನ್ನ ಹಿಂದೆ ಸರಿಸಿದೆ.

ಇಟ್ಟಿಗೆಯ ಚೂರು ಎಲ್ಲಿಂದ ಬಂತೋ ಕಾಣಲಿಲ್ಲ. ಸಪ್ಪಳ ಮಾತ್ರ ಕೇಳಿಸಿತು... ಅದು ಈಗಲೂ ಕೇಳಿಸುತ್ತದೆ. ಅಕ್ಕೋರ ಎಡಗಣ್ಣಿನಿಂದ ರಕ್ತ ಇಳಿಯಿತು. ಅವರು ಹತ್ತಿರದ ಶೆಡ್ಡಿಗೆ ಹೋಗಿ, ಸೆರಗಿನಿಂದ ಅಂಕಿಯನ್ನು ಒರೆಸತೊಡಗಿದರು. ಒಂದನ್ನು ಒರೆಸಿ ಮುಂದಿನದಕ್ಕೆ ಹೋದರು. ಎತ್ತಿದ್ದ ಸಲಿಕೆಗಳು ಒಂದೊಂದಾಗಿ ಕೆಳಗಿಳಿದವು. ಮುದುಕಿಯೊಬ್ಬಳು ತಂಬಿಗೆಯಲ್ಲಿ ನೀರು ತಂದಳು. ಗಾಯ ತೊಳೆಯಲೆಂದು ತಂದ ನೀರನ್ನು ಅಕ್ಕೋರು ಮೊದಲು ಕುಡಿದರು.

ಆ ಕಣ್ಣು ಮತ್ತೆ ಕಾಣಲಿಲ್ಲ. ಮುಂದಿನ ತಿಂಗಳೇ ಅಕ್ಕೋರು ಆ ಕಾಲೊನಿಯ ಮಕ್ಕಳಿಗೆ ಲಸಿಕೆ ಹಾಕಿಸಿದರು. ಆಮೇಲಿನ ಪ್ರತಿ ತರಬೇತಿಯಲ್ಲೂ ಈ ಕಥೆ ಹೇಳುತ್ತಿದ್ದರು. "ನಾ ಬರದೆ, ನನಗ ಬಿತ್ತು. ನೀವು ಶಾಣ್ಯಾ ಆಗ್ರಿ." ಹೊಸಬರು ನಗುತ್ತಿದ್ದರು. ನಾನು ಕೊನೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದೆ. ಅವರು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಹೋದ ಮೇಲೆ ಹೇಳೋಣ, ಕ್ಷಮೆ ಕೇಳೋಣ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು, "ಚಾ ಕುಡಿಯೂಣು ನಡಿ" ಎಂದು ಹೆಗಲು ತಟ್ಟುತ್ತಿದ್ದರು...

ಹೋದ ವಾರ ಅವರ ಮಗಳು ಫೋನ್ ಮಾಡಿ, ಅವ್ವ ಹೋದಳು ಎಂದಳು. ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಕೇಳಿದಳು: "ಅವ್ವ ಒಂದು ತಪ್ಪು ಮಾಡಿ ಕಣ್ಣು ಕಳಕೊಂಡ್ಳು ಅಂತಾರ. ಅವತ್ತ ನೀವೂ ಜೋಡಿ ಇದ್ರೆಲ್ರಿ?"

"ಇದ್ದೆ" ಎಂದೆ. ಅಷ್ಟೇ ಎಂದೆ.

ಆ ತಪ್ಪು ನಿನ್ನ ಅವ್ವನದಲ್ಲ ಮಗಳೇ, ನನ್ನದು. ಈ ಬರಹವನ್ನು ನೀನು ಓದುತ್ತೀ. ಓದಬೇಕಾದ ಇನ್ನೊಬ್ಬರು ಇಲ್ಲ.