ಮಾಲೆಯಿಂದ ಬಹರೇನಿಗೆ ಎಷ್ಟು ತಾಸು

ಮೊನ್ನೆ ಲಿಂಗಸುಗೂರು ಬಸ್ ನಿಲ್ದಾಣದ ಹಿಂದಿನ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ಒಳಗಿನಿಂದ ಜೋಳದ ರೊಟ್ಟಿ ಸೀದ ವಾಸನೆ ಬಂತು. ಕಲಸಿದ ತುತ್ತು ಕೈಯಲ್ಲೇ ಉಳಿಯಿತು.

ಮಸ್ಕಿಯಲ್ಲಿ ನಮ್ಮ ಮನೆಗೂ ಚಿಗವ್ವನ ಮನೆಗೂ ಒಂದೇ ಗೋಡೆ. ರಕ್ತಸಂಬಂಧವೇನಿಲ್ಲ, ಕರೆದು ಕರೆದು ಚಿಗವ್ವ ಆದವಳು. ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ಬದುಕುತ್ತಿದ್ದಳು. ನಾನಾಗ ದಿನಾ ಬಸ್ಸಿನಲ್ಲಿ ಸಿಂಧನೂರಿನ ಕಾಲೇಜಿಗೆ ಹೋಗುತ್ತಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಆ ಹೆಮ್ಮೆಯನ್ನು ಇವತ್ತಿಗೂ ಬಚ್ಚಿಡುವುದಿಲ್ಲ. ಅವ್ವ ಬೆಳಕು ಹರಿಯುವ ಮುಂಚೆ ಬಳಗಾನೂರಿಗೆ ಭತ್ತ ನಾಟಿ ಮಾಡಲು ಹೋಗುತ್ತಿದ್ದಳು. ನನ್ನ ಬುತ್ತಿಯ ಎರಡು ರೊಟ್ಟಿ ಗೋಡೆಯ ಮೇಲಿಂದ ಬರುತ್ತಿದ್ದವು. ಅವಿಲ್ಲದಿದ್ದರೆ ಎಷ್ಟು ದಿನ ಖಾಲಿ ಹೊಟ್ಟೆಯಲ್ಲಿ ಪಾಠ ಕೇಳುತ್ತಿದ್ದೆನೋ…

ಚಿಗವ್ವನ ಗಂಡ ಸಮುದ್ರದಾಚೆ ಮಾಲೆ ಎಂಬ ನಡುಗಡ್ಡೆಯ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊರುವ ಕೆಲಸಕ್ಕಿದ್ದ. ಎರಡು ವರ್ಷಕ್ಕೆ ಬರುತ್ತೇನೆಂದು ಹೋದವನು, ಬಹರೇನಿನ ನಿಲ್ದಾಣಕ್ಕೆ ಕಳಿಸಿದ್ದಾರೆ, ಅದು ಬಹಳ ದೂರ, ಈ ಸಲ ಆಗುವುದಿಲ್ಲ ಎಂದು ಫೋನ್ ಮಾಡಿದ. ನಲ್ಲಿಯ ಹತ್ತಿರ ಹೆಂಗಸರು ಬಿಡುತ್ತಿರಲಿಲ್ಲ.

"ಏನಬೇ, ಅಲ್ಲೇ ಇನ್ನೊಬ್ಬಾಕಿನ್ನ ಮಾಡಿಕೊಂಡಾನೇನು?"

"ದೂರ ಐತಬೇ ಅದು. ನಿನ್ನ ಗಂಡನಂಗ ಶೆರೆ ಅಂಗಡಿ ಕಟ್ಟಿಮ್ಯಾಲ ಕುಂತಿಲ್ಲ."

ಎಲ್ಲರೂ ನಗುತ್ತಿದ್ದರು. ಕೊಡ ಹೊತ್ತು ಚಿಗವ್ವ ಸೆಟೆದು ನಡೆದು ಬರುತ್ತಿದ್ದಳು.

ಒಂದು ಸಂಜೆ ರೊಟ್ಟಿ ಬಡಿಯುತ್ತಲೇ ಕೇಳಿದಳು. "ಡಿಗ್ರಿ ಓದಾಕತ್ತೀಯಲ್ಲ, ಹೇಳು ನೋಡೋಣ. ಆ ನಡುಗಡ್ಡಿಯಿಂದ ಈ ನಡುಗಡ್ಡಿಗೆ ಎಷ್ಟು ದೂರ ಐತಿ?"

ಮರುದಿನ ಕಾಲೇಜಿನ ಕಂಪ್ಯೂಟರಿನಲ್ಲಿ ಹುಡುಕಿದೆ. ಮೂರು ಸಾವಿರದ ನಾನೂರು ಕಿಲೋಮೀಟರಿನ ಆಸುಪಾಸು. ಅಷ್ಟು ದೊಡ್ಡ ಅಂಕಿಯನ್ನು ಅವಳ ಮುಂದಿಡಲು ಮನಸ್ಸಾಗಲಿಲ್ಲ. ಅವಳಿಗೆ ಸಮಾಧಾನವಾಗಲಿ ಎಂದು ತಾಸಿನ ಲೆಕ್ಕ ಹೇಳಿದೆ.

"ವಿಮಾನದಾಗ ಐದು ತಾಸು ಸೈತ ಇಲ್ಲ, ಚಿಗವ್ವ. ಬಹರೇನಿನಿಂದ ನಮ್ಮ ಹೈದರಾಬಾದಿಗೂ ಹೆಚ್ಚುಕಮ್ಮಿ ಅಷ್ಟ."

ಅವಳ ಕೈ ನಿಂತಿತು. ಹಿಟ್ಟು ಹತ್ತಿದ ಬೆರಳು ಮಡಚಿ ಎಣಿಸಿದಳು. "ಲಿಂಗಸುಗೂರಿಗೆ ಮುಕ್ಕಾಲು ತಾಸು. ಮೂರು ಸಲ ಹೋಗಿ ಬಂದ್ರ ಮುಗೀತು… ಇಷ್ಟು ಸಮೀಪ ಇದ್ದು ಬರವಲ್ಲ ಅಂದ್ರ…"

ಹಂಚಿನ ಮೇಲೆ ರೊಟ್ಟಿ ಸೀದು ಹೊಗೆಯೆದ್ದಿತು. ಅವಳ ಕೈಯಲ್ಲಿ ರೊಟ್ಟಿ ಸೀದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ನಲ್ಲಿಯ ಹತ್ತಿರ ಯಾರು ಕೆಣಕಿದರೂ ಚಿಗವ್ವ ಸುಮ್ಮನೆ ಕೊಡ ತುಂಬಿಸಿಕೊಂಡು ಬರುತ್ತಿದ್ದಳು. "ದೂರ ಐತಿ" ಎಂಬ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ. ಓಣಿಗೆ ಕೊಡಲು ಇದ್ದ ಒಂದೇ ಉತ್ತರವನ್ನು ನನ್ನ ಓದು ಕಿತ್ತುಕೊಂಡಿತ್ತು. ಗಂಡ ಬರಲೇ ಇಲ್ಲ.

ನನಗೆ ಲಿಂಗಸುಗೂರಿನಲ್ಲಿ ಸರ್ಕಾರಿ ನೌಕರಿ ಸಿಕ್ಕಿತು. ಅವ್ವನೂ ನನ್ನ ಜೊತೆ ಬಂದಳು. ಮಸ್ಕಿಯಿಂದ ಯಾರೇ ಬಂದರೂ ಚಿಗವ್ವ ಹೇಳಿಕಳಿಸುತ್ತಿದ್ದಳು: "ಒಮ್ಮೆ ಬಂದು ಮಾರಿ ತೋರಿಸಿ ಹೋಗು ಅನ್ನರಿ." ಬಂದವರ ಕೈಯಲ್ಲಿ ಒಂದು ಸೀರೆ ಕಳಿಸಿದೆ. ಕೆಲಸ ಬಹಳ, ರಜೆ ಸಿಗುವುದಿಲ್ಲ ಎಂದೂ ಹೇಳಿಸಿದೆ. ವರ್ಷ ಕಳೆದು ವರ್ಷ ಬಂತು…

ಅವಳು ತೀರಿಹೋದ ಸುದ್ದಿ ನನಗೆ ತಲುಪಿದ್ದು, ಮಣ್ಣಾಗಿ ನಾಲ್ಕು ದಿನದ ಮೇಲೆ.

ಮೊನ್ನೆ ಕೈ ತೊಳೆದು ಹೊರಬಂದಾಗ ಮಸ್ಕಿಯ ಬಸ್ಸು ನಿಂತಿತ್ತು. ಕಂಡಕ್ಟರ್ ಕೂಗಿ ಕೂಗಿ ಕರೆಯುತ್ತಿದ್ದ. ಅದು ನಿಲ್ದಾಣ ದಾಟುವವರೆಗೂ ನೋಡುತ್ತ ನಿಂತೆ. ಮುಕ್ಕಾಲು ತಾಸಿನ ದಾರಿ.