ಹೆರ್ ಬ್ರಾಂಟ್ ಅವರ ಕಾರಿಗೆ ಅಮ್ಮ ಇಟ್ಟ ನಿಂಬೆಹಣ್ಣು

ಹೋದ ವರ್ಷದ ಜೂನ್ ತಿಂಗಳು. ಅಮ್ಮ ಮೊದಲ ಸಲ ಮೈಸೂರಿನಿಂದ ಜರ್ಮನಿಯ ಇಂಗೋಲ್‌ಸ್ಟಾಟ್‌ಗೆ, ನನ್ನ ಮನೆಗೆ ಬಂದಿದ್ದಳು. ಪಕ್ಕದ ಮನೆಯ ಹೆರ್ ಬ್ರಾಂಟ್‌ಗೆ ಎಂಬತ್ತೊಂದು ವರ್ಷ; ಹೆರ್ ಅಂದರೆ ಇಲ್ಲಿ ಶ್ರೀಯುತ ಎಂದ ಹಾಗೆ. ಅವರ ತಂದೆ ಎರಡನೇ ಮಹಾಯುದ್ಧಕ್ಕೂ ಮೊದಲು ಓಡಿಸುತ್ತಿದ್ದ ರೇಸ್ ಕಾರು ಇನ್ನೂ ಅವರ ಗ್ಯಾರೇಜಿನಲ್ಲಿದೆ. ಒಂದೇ ಸೀಟು, ಮೇಲೆ ಚಾವಣಿಯಿಲ್ಲ. ತಂದೆ ಓಡಿಸಿದ್ದ ಗುಡ್ಡದ ರಸ್ತೆಯಲ್ಲೇ ಈಗ ಹಳೆಯ ಕಾರುಗಳ ರೇಸ್ ನಡೆಯುತ್ತದೆ. ಒಂದೊಂದೇ ಕಾರು ಗುಡ್ಡ ಹತ್ತಬೇಕು, ಎಷ್ಟು ಹೊತ್ತಾಯಿತೆಂದು ಬರೆದುಕೊಳ್ಳುತ್ತಾರೆ.

"ಅಪ್ಪನ ಸಮಯವನ್ನು ಒಮ್ಮೆಯಾದರೂ ಮುಟ್ಟಬೇಕು. ಮುಂದಿನ ವರ್ಷ ಡಾಕ್ಟರ್ ಬಿಡುವುದಿಲ್ಲ" ಎಂದು ಹೆರ್ ಬ್ರಾಂಟ್ ನಮ್ಮಿಬ್ಬರನ್ನೂ ಕರೆದೊಯ್ದರು.

ಕಾರು ನೋಡಿ ಅಮ್ಮನಿಗೆ ಗಾಬರಿ. "ಬೆಲ್ಟೂ ಇಲ್ಲ, ಬಾಗ್ಲೂ ಇಲ್ಲ. ಈ ವಯಸ್ಸಲ್ಲಿ ಇವರಿಗೆ ಯಾಕೇ ಬೇಕಿತ್ತು ಇದು?" ನಾನು ಕಾಫಿ ತರುವಷ್ಟರಲ್ಲಿ, ಪಾನಕಕ್ಕೆಂದು ತಂದಿದ್ದ ಎರಡು ನಿಂಬೆಹಣ್ಣುಗಳನ್ನು ಮುಂದಿನ ಚಕ್ರಗಳ ಕೆಳಗೆ ಇಟ್ಟುಬಿಟ್ಟಿದ್ದಳು. ಆಯುಧಪೂಜೆಗೆ ನಮ್ಮ ಸ್ಕೂಟರಿಗೆ ಇಡುತ್ತಿದ್ದಳಲ್ಲ, ಹಾಗೆ.

ನಾಲ್ಕು ಜನ ಕಾರನ್ನು ಹೊರಡುವ ಗೆರೆಯತ್ತ ತಳ್ಳಿದರು. ಹಣ್ಣು ಪಚಕ್ಕೆಂದು ಒಡೆದು ರಸ ಟೈರಿಗೆಲ್ಲ ಹತ್ತಿತು. ತಪಾಸಣೆಯ ಅಧಿಕಾರಿ ಕೈಯೆತ್ತಿ ನಿಲ್ಲಿಸಿದ. ಟೈರು ತೊಳೆದು ಮತ್ತೆ ತಪಾಸಣೆ ಆಗಲೇಬೇಕು ಎಂದ.

"ಇದನ್ನು ಇಟ್ಟವರು ಯಾರು?"

ಸುತ್ತ ಅಷ್ಟು ಜನ. ಜರ್ಮನ್ ಚೆನ್ನಾಗಿಯೇ ಬಲ್ಲ ನಾನು ತುಟಿ ಪಿಟಕ್ಕೆನ್ನಲಿಲ್ಲ. ಕೈಮುಗಿದು ನಿಂತಿದ್ದ ಅಮ್ಮನನ್ನು ಒಮ್ಮೆ ನೋಡಿ ಹೆರ್ ಬ್ರಾಂಟ್, "ನಾನೇ" ಎಂದರು.

ಟೈರು ತೊಳೆಯುವಷ್ಟರಲ್ಲಿ ಅವರ ಸರದಿ ದಾಟಿತ್ತು. ಬೇಕಿದ್ದರೆ ಎಲ್ಲರದೂ ಮುಗಿದ ಮೇಲೆ ಹತ್ತಿ, ಸಮಯ ಮಾತ್ರ ಬರೆಯುವುದಿಲ್ಲ ಎಂದರು ರೇಸ್ ನಡೆಸುವವರು. ಹೆರ್ ಬ್ರಾಂಟ್ ಹಾಗೇ ಹತ್ತಿ ಬಂದರು.

ಇಳಿದ ಕೂಡಲೇ ಅಮ್ಮ ಹೋಗಿ ಅವರಿಗೆ ದೃಷ್ಟಿ ತೆಗೆದು ನೆಟಿಗೆ ಮುರಿದಳು. ನಾನು ತಲೆತಗ್ಗಿಸಿ ಕ್ಷಮೆ ಕೇಳಿದೆ.

"ಅಪ್ಪ ಓಡಿಸುವಾಗ ನನ್ನ ಅಮ್ಮ ರಸ್ತೆಗೆ ಬೆನ್ನು ಹಾಕಿ, ಕಣ್ಣುಮುಚ್ಚಿ ನಿಲ್ಲುತ್ತಿದ್ದರಂತೆ" ಎಂದರು ಅವರು. "ನಾನು ಕ್ಷೇಮವಾಗಿ ಬಂದೆ ಅಂತ ನಿಮ್ಮ ಅಮ್ಮನಿಗೆ ಹೇಳಿ. ಉಳಿದದ್ದು ಬೇಡ."

ನಾನು ಅಷ್ಟನ್ನೇ ಹೇಳಿದೆ. "ನೋಡಿದ್ಯಾ, ಹಿರಿಯರು ಸುಮ್ನೆ ಮಾಡಿಟ್ಟಿಲ್ಲ ಕಣೇ" ಎಂದು ಅಮ್ಮ ಹಿಗ್ಗಿದಳು.

ಅವರ ದೊಡ್ಡ ಮನಸ್ಸು ನೆನೆದರೆ ಈಗಲೂ ಕಣ್ಣು ತುಂಬುತ್ತದೆ, ನನ್ನ ಹೇಡಿತನ ನೆನೆದರೆ ನಾಚಿಕೆಯಾಗುತ್ತದೆ. ಅಮ್ಮ ಈ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುತ್ತಾಳೆ. ಗೊತ್ತಿದ್ದೇ ಬರೆಯುತ್ತಿದ್ದೇನೆ. ಅಮ್ಮಾ, ನೀನು ಮಾಡಿದ್ದರಲ್ಲಿ ತಪ್ಪಿಲ್ಲ. ನಿನ್ನ ಪಕ್ಕದಲ್ಲೇ ನಿಂತು, ನೀನು ಯಾರೋ ಅನ್ನುವ ಹಾಗೆ ಸುಮ್ಮನಿದ್ದವಳು ನಾನು.